ಬಾಡಿಗೆಯಿಲ್ಲದ ಮನೆ, ಖಾಲಿ ಹೋಗದ ಡಬ್ಬಿ

ನನಗೊಂದು ಸ್ವಂತ ಮನೆಯಿದೆ ಎಂದು ಹೇಳುವಾಗ ನಾನು ಧ್ವನಿಯನ್ನು ಒಂದಿಷ್ಟು ಏರಿಸುತ್ತೇನೆ. ಅದು ಜಂಬ ಎಂದು ನಮ್ಮವರ ಅಭಿಪ್ರಾಯ. ಜಂಬವೇ ಇರಲಿ, ಅದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರೊಬ್ಬಳು ತನ್ನ ಸಂಬಳ ತೋರಿಸಿ, ತನ್ನ ಹೆಸರಿನಲ್ಲಿ ಸಾಲ ಎತ್ತಿ, ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಮನೆ ಕಟ್ಟಿಸಿದ್ದಾಳೆ ಎಂದರೆ ಅದನ್ನು ಪಿಸುಗುಟ್ಟಿ ಹೇಳಬೇಕೆ? ಮೇಸ್ತ್ರಿ ತರಿಸಿದ ಇಟ್ಟಿಗೆಯ ಲೆಕ್ಕ ನಾನೇ ನೋಡಿದ್ದೆ. ಮೆಟ್ಟಿಲುಗಳ ಎತ್ತರ ಒಂದೊಂದೂ ಒಂದೊಂದು ಥರ ಇದ್ದದ್ದನ್ನು ಟೇಪು ಹಿಡಿದು ತೋರಿಸಿ, ಕೆಡವಿಸಿ, ಮತ್ತೆ ಕಟ್ಟಿಸಿದ್ದೆ. "ಟೀಚ್ರು ಸಿಮೆಂಟಿಗೂ ಮಾರ್ಕ್ಸ್ ಹಾಕ್ತಾರೆ ಮಾರಾಯ" ಎಂದು ಆ ಮೇಸ್ತ್ರಿ ಗೃಹಪ್ರವೇಶದ ದಿನ ಹೋಳಿಗೆ ತಿನ್ನುತ್ತ ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಸಾಲ ಕೊಟ್ಟ ಬ್ಯಾಂಕಿನ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹೆದರಿಕೆಯೇನಲ್ಲ, ಕಂತು ಇನ್ನೂ ಮುಗಿದಿಲ್ಲ.

ನಮ್ಮವರ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವರು ಕೊಪ್ಪದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಸುತ್ತಲಿನ ಆಫೀಸುಗಳ ಎಷ್ಟೋ ಗುಮಾಸ್ತರು ಅವರ ಕೈಯಲ್ಲಿ ಬೆರಳು ತಿದ್ದಿಸಿಕೊಂಡವರು. ಎರಡು ಸಾವಿರದ ಇಸವಿ ದಾಟಿದ್ದೇ ತಡ, ರಸ್ತೆಯ ಆಚೆ ಬದಿಯ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಬಂತು. ಇವರ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಇವರು ಯಾರನ್ನೂ ಬೈಯಲಿಲ್ಲ. ಒಂದು ಮಷೀನನ್ನು ಮನೆಗೆ ತಂದಿಟ್ಟುಕೊಂಡು ಉಳಿದವನ್ನು ಮಾರಿ, ಯಾರಾದರೂ ಅರ್ಜಿ ಬರೆಸಲು ಬಂದರೆ ಬಡಿದುಕೊಡುತ್ತ, ಸಂಜೆಗೆ ನನಗೆ ಕಾಫಿ ಮಾಡಿಡುತ್ತ ಆರಾಮವಾಗಿದ್ದರು. ನಮ್ಮ ಸಂಸಾರದಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಜಗಳ ನನ್ನದು, ಟೈಪಿಂಗ್ ಅವರದು. ಈ ಹಂಚಿಕೆಯಿಂದಾಗಿ ನಾವು ಯಾವ ಆಫೀಸಿನಲ್ಲೂ ಸೋತು ಬಂದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ ಕಾಲವೊಂದಿತ್ತು.

ಆ ಕಾಲದಲ್ಲೇ ನನಗೆ ವರ್ಗವಾಯಿತು. ನರಸಿಂಹರಾಜಪುರದಿಂದಲೂ ಆಚೆಗಿನ ಒಂದು ಹೈಸ್ಕೂಲಿಗೆ. ದೂರವೆಂದರೆ ಭಾರೀ ದೂರವೇನಲ್ಲ. ಆದರೆ ಕೊಪ್ಪದಿಂದ ಹೊರಡುವ ಬಸ್ಸನ್ನು ಹಿಡಿದು, ಅಲ್ಲಿಳಿದು ಇನ್ನೊಂದನ್ನು ಹಿಡಿದು ಹೋದರೆ ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡು ಅರ್ಧವಾಗಿರುತ್ತಿತ್ತು. ಸಮಯಪಾಲನೆಯ ಬಗ್ಗೆ ವರ್ಷಗಟ್ಟಲೆ ಭಾಷಣ ಬಿಗಿದ ಬಾಯಿ ನನ್ನದು. ಅದೇ ಬಾಯಿಯಲ್ಲಿ ದಿನಾ ಹೆಡ್ಮಾಸ್ಟರ ಮುಂದೆ ಬಸ್ಸಿನ ಕಥೆ ಹೇಳುತ್ತ ನಿಲ್ಲಲು ಮನಸ್ಸು ಒಪ್ಪಲಿಲ್ಲ. ನರಸಿಂಹರಾಜಪುರದಲ್ಲಿ ಬಾಡಿಗೆಗೊಂದು ಮನೆ ಹಿಡಿಯುವುದೆಂದಾಯಿತು. ಅಂದಮೇಲೆ ಅಲ್ಲಿ ಬಾಡಿಗೆ, ಇಲ್ಲಿ ಕಂತು. ಎರಡನ್ನೂ ಹೊರುವ ಸಂಬಳ ನನ್ನದಲ್ಲ. ಇದಕ್ಕೆ ಉತ್ತರ ಏಳನೇ ಕ್ಲಾಸಿನ ಹುಡುಗನೂ ಹೇಳಿಯಾನು: ಬಾಳಗಡಿಯ ಮನೆಯನ್ನು ಬಾಡಿಗೆಗೆ ಕೊಡುವುದು. ಸಾಲದ ಪತ್ರದಲ್ಲಿ, ಬಾಡಿಗೆಗೆ ಕೊಡುವ ಮೊದಲು ಬ್ಯಾಂಕಿನ ಅನುಮತಿ ಬೇಕು ಎಂದೊಂದು ಸಾಲಿತ್ತು. ಅನುಮತಿ ತಾನೇ, ಕೇಳಿದರಾಯಿತು ಎಂದುಕೊಂಡೆ. ನಮ್ಮವರು ಅರ್ಜಿ ಬಡಿದುಕೊಟ್ಟರು.

ಬ್ಯಾಂಕಿನ ಮ್ಯಾನೇಜರು ಬಯಲುಸೀಮೆಯವರು. ನಮ್ಮ ಕಡೆಗೆ ಬಂದು ಇನ್ನೂ ಒಂದು ಮಳೆಗಾಲವನ್ನೂ ಪೂರ್ತಿ ಕಂಡಿರಲಿಲ್ಲ. ಜೂನ್ ತಿಂಗಳ ಮೊದಲ ಮಳೆಗೇ ಸ್ವೆಟರು ಹಾಕಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ನನ್ನನ್ನು ನೋಡಿ, "ಬನ್ನಿ ಮೇಡಂ, ಯಜಮಾನ್ರು ಬರ್ಲಿಲ್ವಾ?" ಎಂದರು.

"ಸಾಲದ ಯಜಮಾನಿ ನಾನೇ" ಎಂದು ಅರ್ಜಿಯನ್ನು ಮುಂದಿಟ್ಟೆ.

ಅವರು ಅದನ್ನು ಮೇಲಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ಓದಿದರು. ಓದಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಟೈಪಿಂಗ್ ಬಹಳ ಚೆನ್ನಾಗಿದೆ ಮೇಡಂ. ಒಂದು ತಪ್ಪಿಲ್ಲ. ಆದ್ರೆ ಆಗಲ್ಲ" ಎಂದರು.

"ಯಾಕಾಗಲ್ಲ?"

"ಇದು ಸ್ವಂತ ವಾಸಕ್ಕೆ ಅಂತ ಬಡ್ಡಿ ಕಡಿಮೆ ಮಾಡಿ ಕೊಟ್ಟಿರೋ ಸಾಲ. ಬಾಡಿಗೆ ಬಂತು ಅಂದ್ರೆ ಅದು ವ್ಯಾಪಾರ ಆಯ್ತಲ್ಲ."

"ನಾನು ವ್ಯಾಪಾರಕ್ಕೆ ಹೋಗ್ತಾ ಇಲ್ಲ ಸಾರ್. ಸರ್ಕಾರ ಕಳಿಸಿದ ಕಡೆಗೆ ಪಾಠ ಮಾಡ್ಲಿಕ್ಕೆ ಹೋಗ್ತಾ ಇದ್ದೇನೆ."

"ನನಗೆ ಅರ್ಥ ಆಗುತ್ತೆ ಮೇಡಂ. ಷರತ್ತಿಗೆ ಅರ್ಥ ಆಗಲ್ಲ."

ಒಳ್ಳೆಯ ಮನುಷ್ಯರೊಡನೆ ಜಗಳವಾಡುವುದು ಬಹಳ ಕಷ್ಟ. ಈ ಮನುಷ್ಯ ನನ್ನ ಒಂದೊಂದು ಮಾತಿಗೂ ತಲೆದೂಗುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು, ಕೊನೆಗೆ ಆಗಲ್ಲ ಎನ್ನುತ್ತಿದ್ದರು. ಮೇಲಿನ ಕಚೇರಿಗೆ ಬರೆಯಿರಿ ಎಂದೆ. ಬರೆಯುತ್ತೇನೆ, ಅವರೂ ಆಗಲ್ಲ ಅಂತಲೇ ಹೇಳುತ್ತಾರೆ ಎಂದರು. ಬರೆದರು, ಅವರೂ ಹಾಗೆಯೇ ಹೇಳಿದರು. ಎರಡನೇ ಸಲ ಇನ್ನಷ್ಟು ಬಿಗಿಯಾದ ಭಾಷೆಯಲ್ಲಿ ಅರ್ಜಿ ಕೊಟ್ಟೆ. ಮ್ಯಾನೇಜರು ಟೈಪಿಂಗನ್ನು ಮತ್ತೆ ಹೊಗಳಿದರು. ಕೊನೆಗೆ ನಾನೇ ಒಂದು ಉಪಾಯ ತೆಗೆದೆ. "ಮನೆಗೆ ಬೀಗ ಹಾಕಿಡಬಹುದಾ?" ಎಂದೆ. "ಧಾರಾಳವಾಗಿ" ಎಂದರು. "ಯಾರಾದ್ರೂ ಸುಮ್ಮನೆ ಇರಬಹುದಾ? ದೀಪ ಹಚ್ಚಿಕೊಂಡು?" ಎಂದೆ. ಅವರು ಕಿವಿಯ ಹತ್ತಿ ಸರಿಮಾಡಿಕೊಂಡು, "ದುಡ್ಡು ತಗೊಳ್ಳದೆ ಇದ್ರೆ ಯಾರು ಬೇಕಾದ್ರೂ ಇರ್ಲಿ ಮೇಡಂ. ನಿಮಗೆ ಅದರಿಂದ ಲಾಭ ಬರಬಾರದು, ಅಷ್ಟೇ. ಲಾಭ ತಗೊಂಡ್ರಿ ಅಂತ ಗೊತ್ತಾದ್ರೆ ಮಾತ್ರ, ಇಡೀ ಸಾಲ ಒಂದೇ ಸಲ ಕಟ್ಟಿ ಅಂತ ನೋಟಿಸ್ ಬರುತ್ತೆ. ಕಟ್ಟೋಕೆ ಆಗ್ಲಿಲ್ಲ ಅಂದ್ರೆ ಮನೆ ನಿಮ್ಮದಾಗಿ ಉಳಿಯಲ್ಲ. ಅದು ನನ್ನ ಕೈಲಿ ಇಲ್ಲ" ಎಂದರು.

ಮನೆ ನಿಮ್ಮದಾಗಿ ಉಳಿಯಲ್ಲ ಎಂಬ ಮಾತನ್ನು ಮನೆಯವರೆಗೂ ಮೆಲುಕು ಹಾಕುತ್ತ ಬಂದೆ. ಆದರೂ ಬೀಗ ಹಾಕುವ ಯೋಚನೆ ನನಗೆ ಹಿಡಿಸಲಿಲ್ಲ. ನಮ್ಮ ಕಡೆ ಮಳೆಗಾಲವಿಡೀ ಬೀಗ ಹಾಕಿದ ಮನೆಯನ್ನು ದೀಪಾವಳಿಗೆ ತೆರೆದು ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ಗೋಡೆಯಲ್ಲಿ ಹಸಿರು ಬೂಷ್ಟು, ಬಾಗಿಲಿನ ದಾರಂದದಲ್ಲಿ ಗೆದ್ದಲು, ದೇವರ ಫೋಟೊದೊಳಗೆ ದೇವರೇ ಮಸುಕು. ಮನೆಗೆ ಮನುಷ್ಯರ ಉಸಿರು ಬೇಕು, ಒಲೆಯ ಬಿಸಿ ಬೇಕು. ಇದನ್ನು ಬ್ಯಾಂಕಿನ ಷರತ್ತು ಬರೆದವರಿಗೆ ಯಾರು ಹೇಳುವುದು?

ಹೀಗಿರುವಾಗ ಒಂದು ದಿನ ಪಾರ್ವತಕ್ಕ ಮತ್ತು ಅವರ ಯಜಮಾನರು ಗಣಪಯ್ಯ ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಶೃಂಗೇರಿ ಕಡೆಯ ಅಡ್ಡಗದ್ದೆಯವರು. ಹೆಣ್ಣುಮಕ್ಕಳಿಬ್ಬರನ್ನೂ ಬಾಳಗಡಿಯ ಕಾಲೇಜಿಗೆ ಸೇರಿಸಿದ್ದರು. ಹಾಸ್ಟೆಲಿನ ಊಟ ಕೂಸುಗಳಿಗೆ ಸೇರುವುದಿಲ್ಲವೆಂದು, ತಾಯಿ ಮಕ್ಕಳ ಜೊತೆ ಇಲ್ಲೇ ಮನೆ ಮಾಡುವುದು, ಅಪ್ಪ ಅಲ್ಲಿ ಗದ್ದೆ ತೋಟ ನೋಡಿಕೊಂಡು ವಾರಕ್ಕೊಮ್ಮೆ ಬಂದುಹೋಗುವುದು ಎಂದು ಗೊತ್ತುಮಾಡಿಕೊಂಡಿದ್ದರು.

"ಟೀಚ್ರೇ, ಮನೆ ಬಾಡಿಗೆಗೆ ಇದೆಯಂತಲ್ಲ?" ಎಂದರು ಪಾರ್ವತಕ್ಕ.

"ಬಾಡಿಗೆಗಿಲ್ಲ. ಇರ್ಲಿಕ್ಕೆ ಇದೆ" ಎಂದೆ.

ಬ್ಯಾಂಕಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದೆ. ಗಣಪಯ್ಯನವರು ಕೇಳಿ, ತಲೆ ಕೆರೆದುಕೊಂಡು, "ಪುಕ್ಕಟೆ ಇರೋದು ಅಂದ್ರೆ ಎಂತದು ಮಾರಾಯ್ರೆ? ನಮಗೂ ಮಾನ ಮರ್ಯಾದೆ ಇಲ್ವನಾ?" ಎಂದರು. ಹಾಗಾದರೆ ದುಡ್ಡು ಬೇಡ, ಮನೆಯನ್ನು ಚೆನ್ನಾಗಿ ನೋಡಿಕೊಳ್ಳಿ, ನಿಮ್ಮ ಗದ್ದೆಯದ್ದೋ ತೋಟದ್ದೋ ಏನಾದರೂ ಇದ್ದರೆ ಕೊಡುತ್ತಿರಿ ಎಂದೆ. ಅವರ ಮುಖ ಅರಳಿತು. "ಅದಕ್ಕೆಂತ, ಕೊಡುವಾ" ಎಂದರು. ನನ್ನ ಮುಖ ಅವರದಕ್ಕಿಂತ ಹೆಚ್ಚು ಅರಳಿತ್ತು. ಏಕೆಂದರೆ ನಾನಾಗಲೇ ಮನಸ್ಸಿನಲ್ಲಿ ಲೆಕ್ಕ ಮುಗಿಸಿದ್ದೆ. ನರಸಿಂಹರಾಜಪುರದಲ್ಲಿ ನಾವು ಕೊಳ್ಳಬೇಕಾದ ತರಕಾರಿ, ಬಾಳೆಹಣ್ಣು, ತುಪ್ಪ, ಹಪ್ಪಳ, ಉಪ್ಪಿನಕಾಯಿ, ಕಾಫಿಪುಡಿ ಇವೆಲ್ಲ ಸಮೀಕರಣದ ಒಂದು ಬದಿ. ಬರಬಹುದಾಗಿದ್ದ ಬಾಡಿಗೆ ಇನ್ನೊಂದು ಬದಿ. ಎರಡೂ ಹೆಚ್ಚುಕಡಿಮೆ ಸಮ. ಸಂಜೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮವರಿಗೆ ಬಿಡಿಸಿ ತೋರಿಸಿದೆ. ದುಡ್ಡಿನ ಮಾತಿಲ್ಲ, ಷರತ್ತಿಗೆ ಭಂಗವಿಲ್ಲ, ಮನೆಗೆ ದೀಪ, ನಮಗೆ ತರಕಾರಿ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಲೆಕ್ಕವೇನೋ ಸರಿಯಾಗಿಯೇ ಕಾಣುತ್ತದೆ" ಎಂದರು. ಆ "ಕಾಣುತ್ತದೆ" ಎಂಬುದರ ಮೇಲೆ ಅವರು ಸ್ವಲ್ಪ ತಡೆದದ್ದನ್ನು ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ನಾನು ಒಂದನ್ನು ಮಾತ್ರ ಬಿಟ್ಟಿದ್ದೆ: ಡಬ್ಬಿ.

ನಾವು ನರಸಿಂಹರಾಜಪುರಕ್ಕೆ ಹೋಗಿ ನೆಲೆಯಾದ ಮೊದಲ ವಾರವೇ ಕೊಪ್ಪದ ಬಸ್ಸಿನ ಕಂಡಕ್ಟರು ಒಂದು ಚೀಲ ತಂದುಕೊಟ್ಟ. ಚೀಲದೊಳಗೆ ಸೌತೆಕಾಯಿ, ಬಾಳೆಕಾಯಿ, ನಡುವೆ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯ ಮೈಮೇಲೆ ಚುಕ್ಕಿಚುಕ್ಕಿಯಾಗಿ "ಗಣಪಯ್ಯ, ಅಡ್ಡಗದ್ದೆ" ಎಂದು ಹೆಸರು ಹೊಡೆಸಿತ್ತು. ಒಳಗೆ ಹಲಸಿನಕಾಯಿ ಹಪ್ಪಳ, ಮೇಲೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳುಕದ ಮೆಣಸು. ಹಪ್ಪಳ ಕರಿದು ತಿಂದೆವು. ಡಬ್ಬಿ ತೊಳೆದು ಕವುಚಿಟ್ಟೆ. ಮಾರನೇ ದಿನ ಅದನ್ನು ಕಂಡಕ್ಟರ ಕೈಗೆ ಕೊಡಬೇಕೆಂದು ಎತ್ತಿಕೊಂಡಾಗ ಕೈ ತಾನಾಗಿ ಸಕ್ಕರೆ ಡಬ್ಬದ ಕಡೆ ಹೋಯಿತು. ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನನ್ನ ಅಮ್ಮ ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದ ಲೋಟವನ್ನು ಹಿಂದಿರುಗಿಸುವಾಗಲೂ ಒಂದು ಚೂರು ಬೆಲ್ಲ ಹಾಕಿಯೇ ಕಳಿಸುತ್ತಿದ್ದಳು. ಒಂದು ಮುಷ್ಟಿ ಸಕ್ಕರೆ ಹಾಕಿ ಮುಚ್ಚಳ ಬಿಗಿದೆ. ಖರ್ಚು ನಗಣ್ಯ ಎಂದು ಸಮೀಕರಣದಲ್ಲಿ ಸೇರಿಸಲಿಲ್ಲ.

ಆ ಸಂಜೆಯೇ ನಮ್ಮ ಮನೆ ಮಾಲೀಕರ ಫೋನಿಗೆ ಪಾರ್ವತಕ್ಕನ ಕರೆ. "ಟೀಚ್ರೇ, ಸಕ್ಕರೆ ಎಲ್ಲ ಎಂತಕ್ಕೆ ಕಳಿಸಿದ್ರಿ? ನಮ್ಮಲ್ಲಿ ಬೆಲ್ಲದ ಕಾಫಿಯೇ ರೂಢಿ. ಆದ್ರೂ ನೀವು ಕಳಿಸಿದ್ದಲ್ಲನಾ, ಬಹಳ ಸಂತೋಷ ಆಯ್ತು" ಎಂದರು. ಪಾರ್ವತಕ್ಕ ನಿಜವಾಗಿ ಸಂತೋಷಪಟ್ಟೇ ಹೇಳಿದ್ದು ಎಂದು ಈಗ ನನಗೆ ಗೊತ್ತು. ಆಗ ನನಗೆ ಹಾಗೆ ಕೇಳಿಸಲಿಲ್ಲ. ಒಂದು ಮುಷ್ಟಿ ಸಕ್ಕರೆಯಲ್ಲಿ ಮುಗಿಸಿದಳಲ್ಲ ಈ ಟೀಚರು ಎಂದು ಕೇಳಿಸಿತು. ಮುಂದಿನ ವಾರದ ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಂತು. ನಾನು ರವೆ ಉಂಡೆ ಕಳಿಸಿದೆ. ಅದರಾಚೆ ವಾರ ಅವರ ಕಡೆಯಿಂದ ಮೊದಲಿನದಕ್ಕಿಂತ ದೊಡ್ಡ ಡಬ್ಬಿ, ಅದರ ತುಂಬ ಕೆಸುವಿನೆಲೆಯ ಪತ್ರೊಡೆ. ದೊಡ್ಡ ಡಬ್ಬಿಯ ತಳದಲ್ಲಿ ನಾಲ್ಕು ಉಂಡೆ ಉರುಳಾಡುತ್ತಿದ್ದರೆ ಚೆನ್ನಾಗಿರುತ್ತದೆಯೇ? ಭಾನುವಾರವೆಲ್ಲ ಕೂತು ಕೋಡುಬಳೆ ಕರಿದು ಬಾಯಿಮಟ್ಟ ತುಂಬಿಸಿದೆ. ಅವರು ಹಿಡಿಕೆಯಿದ್ದ ಕ್ಯಾನಿನಲ್ಲಿ ಜೇನಿನ ಹಾಗೆ ಹರಿಯುವ ಜೋನಿಬೆಲ್ಲ ಕಳಿಸಿದರು. ನಾನು ಹೋಳಿಗೆಗಿಳಿದೆ. ನನ್ನ ಮದುವೆಯಲ್ಲಿ ಬಂದಿದ್ದ, ನನ್ನ ಹೆಸರು ಹೊಡೆಸಿದ ಡಬ್ಬಿಗಳೂ ರಂಗಕ್ಕಿಳಿದವು. ಕ್ರಮೇಣ ನನ್ನ ಪಾತ್ರೆಗಳೆಲ್ಲ ಬಾಳಗಡಿಯಲ್ಲಿ, ಅವರವೆಲ್ಲ ನಮ್ಮಲ್ಲಿ.

ಕಂಡಕ್ಟರು ಬಹಳ ಪ್ರಾಮಾಣಿಕ. ಒಂದು ಡಬ್ಬಿಯೂ ಕಳೆದುಹೋಗಲಿಲ್ಲ. ಆದರೆ ಒಂದು ದಿನ ಚೀಲ ತೆಗೆದುಕೊಳ್ಳುತ್ತ, "ಟೀಚ್ರೇ, ಹೋದ ವಾರದ ಕೋಡುಬಳೆಗೆ ಉಪ್ಪು ಸ್ವಲ್ಪ ಮುಂದಾಗಿತ್ತು" ಎಂದು ಬಿಟ್ಟ. ನಾನು ದುರುಗುಟ್ಟಿ ನೋಡಿದೆ. ಅವನು ಸೀಟಿ ಊದಿ ಬಸ್ಸು ಹೊರಡಿಸಿದ. ಉಪ್ಪು ಮುಂದಾಗಿದ್ದದ್ದು ನಿಜವೇ. ಗ್ಯಾಸ್ ಸಿಲಿಂಡರು ತಿಂಗಳು ತುಂಬುವ ಮೊದಲೇ ಮುಗಿಯತೊಡಗಿತು. "ಹೋಟೆಲ್ ಏನಾದರೂ ಇಟ್ಟಿದ್ದೀರಾ ಮೇಡಂ?" ಎಂದು ಏಜೆನ್ಸಿಯಲ್ಲಿ ಕೇಳಿದರು. ನಮ್ಮವರ ಪ್ಯಾಂಟುಗಳನ್ನು ಸೊಂಟದಲ್ಲಿ ಬಿಡಿಸಿ ಹೊಲಿಸಬೇಕಾಯಿತು. ಅವರೊಂದು ದಿನ ಜೋನಿಬೆಲ್ಲದಲ್ಲಿ ದೋಸೆ ಅದ್ದುತ್ತ, "ಬ್ಯಾಂಕಿನವರೂ ಇದನ್ನೇ ಅಲ್ವಾ ಹೇಳೋದು? ತುಂಬಿದ ಡಬ್ಬಿ ಕೊಟ್ಟಿದ್ದೇವೆ, ವಾಪಸ್ ಬರೋವಾಗ ಇನ್ನೂ ಸ್ವಲ್ಪ ಜಾಸ್ತಿ ಇರಲಿ ಅಂತ" ಎಂದರು. ನನಗೆ ನಗು ಬರಲಿಲ್ಲ.

"ಒಂದು ಸಲ ಖಾಲಿ ಕಳಿಸಿಬಿಡು, ಎಲ್ಲ ತಾನಾಗಿ ನಿಲ್ಲುತ್ತೆ" ಎಂದೂ ಅವರೇ ಸಲಹೆ ಕೊಟ್ಟರು. ಟೈಪಿಂಗ್ ಮಾಡುವವರು ಜಗಳದ ವಿಷಯದಲ್ಲಿ ಸಲಹೆ ಕೊಡಬಾರದು. ಖಾಲಿ ಡಬ್ಬಿ ಕೈಗೆ ಬಂದಾಗ ಪಾರ್ವತಕ್ಕನ ಮುಖ ಹೇಗಾಗಬಹುದೆಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಇನ್ನು ಕಳಿಸಬೇಡಿ ಎಂದು ಒಮ್ಮೆ ಫೋನಿನಲ್ಲಿ ಹೇಳಿಯೂ ನೋಡಿದೆ. ಪಾರ್ವತಕ್ಕ, "ಪತ್ರೊಡೆಗೆ ಹುಳಿ ಕಮ್ಮಿಯಾಗಿತ್ತನಾ ಟೀಚ್ರೇ?" ಎಂದರು. ಅದಕ್ಕೆ ಮುಂದಿನ ವಾರ ಎರಡು ಡಬ್ಬಿ ಬಂದವು.

ದೀಪಾವಳಿ ಕಳೆದ ಮೇಲೆ ಒಂದು ದಿನ ಶಾಲೆಗೆ ಫೋನು ಬಂತು. ಹೆಡ್ಮಾಸ್ಟರು ರಿಸೀವರನ್ನು ನನ್ನ ಕೈಗೆ ಕೊಟ್ಟು, ಬ್ಯಾಂಕಿನಿಂದ ಎಂದು ಮೆಲ್ಲಗೆ ಹೇಳಿ ಆಚೆ ಹೋದರು. ಮ್ಯಾನೇಜರ ಧ್ವನಿ ಮೊದಲಿನಷ್ಟೇ ಮೆತ್ತಗಿತ್ತು. "ಮೇಡಂ, ನಿಮ್ಮ ಮನೇಲಿ ಬಾಡಿಗೆಯವರು ಇದ್ದಾರೆ ಅಂತ ಯಾರೋ ಬಂದು ಹೇಳಿದ್ರು. ಹೇಳಿದ ಮೇಲೆ ನಾನು ಬಂದು ನೋಡಿ ವರದಿ ಬರೀಲೇಬೇಕು. ಶನಿವಾರ ಮಧ್ಯಾಹ್ನ ನೀವೂ ಬರ್ತೀರಾ?"

"ಬನ್ನಿ ಸಾರ್, ಧಾರಾಳವಾಗಿ ಬನ್ನಿ" ಎಂದೆ. ರಿಸೀವರನ್ನು ಮಾತ್ರ ತಿರುಗಾಮುರುಗಾ ಇಟ್ಟೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದವಳಿಗೆ ದಾರಿಯುದ್ದಕ್ಕೂ ಆ ಒಂದು ಮಾತೇ: ಲಾಭ ಬರಬಾರದು. ಹಪ್ಪಳ ಲಾಭವೇ? ಸೌತೆಕಾಯಿ ಲಾಭವೇ? ದುಡ್ಡಿನ ಬದಲು ವಸ್ತು ತೆಗೆದುಕೊಂಡರೂ ಅದು ಬಾಡಿಗೆಯೇ ಆಗುತ್ತದೆಂದು ಮೇಲಿನ ಕಚೇರಿಯವರು ಹೇಳಿದರೆ? ನಾನು ಬಹಳ ಜಾಣತನವೆಂದುಕೊಂಡು ಹೂಡಿದ ಲೆಕ್ಕ ನನ್ನ ಮನೆಯನ್ನೇ ನುಂಗಿಬಿಟ್ಟರೆ? ನನಗೆ ನಿಜಕ್ಕೂ ಭಯವಾಯಿತು. ಅಳತೆ ತಪ್ಪಿದ ಆ ಮೆಟ್ಟಿಲುಗಳನ್ನು ಕೆಡವಿಸಿ ಕಟ್ಟಿಸಿದ್ದು ನೆನಪಾಯಿತು.

ಬಾಳಗಡಿ ಮುಟ್ಟುವಾಗ ಮ್ಯಾನೇಜರು ಆಗಲೇ ಬಂದು ಹಜಾರದಲ್ಲಿ ಕೂತಿದ್ದರು. ಅಂಗಳದಲ್ಲಿ ರಂಗೋಲಿ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಳೆಗಾಲ ಕಳೆದಿದ್ದರೂ ಗೋಡೆಯ ಮೇಲೆ ಒಂದು ಕಲೆಯಿಲ್ಲ. "ಬನ್ನಿ ಬನ್ನಿ ಟೀಚ್ರೇ, ಕೈಕಾಲು ತೊಳ್ಕೊಳ್ಳಿ. ಆಸರಿಗೆ ಕುಡೀಲಿಕ್ಕೆ ಎಂತ ಕೊಡ್ಲಿ?" ಎಂದು ಪಾರ್ವತಕ್ಕ ಒಳಗಿನಿಂದ ಬಂದು, ನನ್ನದೇ ಮನೆಯ ನನ್ನದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿದರು. ಮ್ಯಾನೇಜರಿಗೆ ಆಗಲೇ ಬೆಲ್ಲ ನೀರು ಕೊಟ್ಟು, ಅದರ ಮೇಲೆ ಕಾಫಿಯನ್ನೂ ಕೊಟ್ಟಾಗಿತ್ತು. ಅವರು ಒಂದು ಸುತ್ತು ಮನೆ ನೋಡಿ ಬಂದು, "ಅಡಿಗೆಮನೆ ತುಂಬ ನಿಮ್ಮ ಹೆಸರಿನ ಡಬ್ಬಿಗಳೇ ಇವೆಯಲ್ಲ ಮೇಡಂ. ನೀವೇ ಇಲ್ಲಿ ವಾಸ ಇದ್ದೀರೇನೋ ಅನ್ನಿಸುತ್ತೆ" ಎಂದು ನಕ್ಕರು. ನಾನೂ ನಕ್ಕೆ. ಇಷ್ಟಕ್ಕೇ ಮುಗಿಯಬಾರದೇ ಎಂದು ಮನಸ್ಸಿನಲ್ಲೇ ಶಾರದೆಯನ್ನು ಬೇಡಿಕೊಂಡೆ.

ಮುಗಿಯಲಿಲ್ಲ. ಮ್ಯಾನೇಜರು ಪಾರ್ವತಕ್ಕನ ಕಡೆ ತಿರುಗಿ, "ಅಮ್ಮಾ, ನೀವು ಮೇಡಂಗೆ ತಿಂಗಳಿಗೆ ಏನಾದ್ರೂ ಕೊಡ್ತೀರಾ?" ಎಂದು ಕೇಳಿದರು.

"ತಿಂಗಳಿಗಾ?" ಪಾರ್ವತಕ್ಕನಿಗೆ ಅವಮಾನವಾದಂತಾಯಿತು. "ವಾರ ವಾರ ಕೊಡ್ತೇವೆ! ಕೊಡದೆ ಇರ್ಲಿಕ್ಕೆ ನಾವೆಂತ ಜನ?"

ಮ್ಯಾನೇಜರು ಜೇಬಿನಿಂದ ಪೆನ್ನು ತೆಗೆದರು. ನಾನು ಕಣ್ಣು ಮುಚ್ಚಿದೆ. ಪಾರ್ವತಕ್ಕ ಶುರುಮಾಡಿದರು: ಹಪ್ಪಳ, ಬಾಳುಕದ ಮೆಣಸು, ಅಪ್ಪೆಮಿಡಿ, ಪತ್ರೊಡೆ, ಜೋನಿಬೆಲ್ಲ, ಸೌತೆಕಾಯಿ, ಬಾಳೆಕಾಯಿ. ನೆನಪಾದ ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದರು. ಆ ಪಟ್ಟಿ ಮುಗಿದ ಮೇಲೆ, "ಆದ್ರೆ ನಮ್ಮ ಟೀಚ್ರು ಬರೀ ತಗೊಳ್ಳೋರಲ್ಲ ಮಾರಾಯ್ರೆ" ಎಂದು ಇನ್ನೊಂದು ಸುತ್ತು ಆರಂಭಿಸಿದರು. ಈ ಸಲ ಅವರ ಧ್ವನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. ದ್ರಾಕ್ಷಿ ಗೋಡಂಬಿ ಹಾಕಿದ ರವೆ ಉಂಡೆ, ಕೋಡುಬಳೆ, ಹೋಳಿಗೆ, ದೀಪಾವಳಿಗೆ ಚಕ್ಕುಲಿ ಮತ್ತು ಸಜ್ಜಪ್ಪ, ಕೂಸುಗಳ ಪರೀಕ್ಷೆಗೆಂದು ಬಾದಾಮಿ ಪುಡಿ. "ಒಂದು ಸಲವೂ ಡಬ್ಬಿ ಖಾಲಿ ಬಂದದ್ದಿಲ್ಲ. ಅಷ್ಟು ದೂರ ಶಾಲೆಗೆ ಹೋಗಿ ಬಂದು ಯಾರು ಮಾಡ್ತಾರೆ ಹೇಳಿ?"

ಮ್ಯಾನೇಜರು ಒಂದಕ್ಷರ ಬರೆಯದೆ ಪೆನ್ನಿನ ಕ್ಯಾಪು ಮುಚ್ಚಿದರು. ಸ್ವಲ್ಪ ಹೊತ್ತು ಮಾಡಿನ ಕಡೆ ನೋಡುತ್ತ ತುಟಿಯಲ್ಲೇ ಏನೋ ಕೂಡಿಸಿ ಕಳೆದರು. ಆಮೇಲೆ, "ಮೇಡಂ, ನೀವು ಗಣಿತದ ಟೀಚರ್ ಅಲ್ವಾ?" ಎಂದು ಕೇಳಿದರು.

"ಹೌದು" ಎಂದೆ.

"ಇವರು ಕಳಿಸಿದ್ದೆಲ್ಲ ಹಿತ್ತಲಲ್ಲಿ ಬೆಳೆದದ್ದು. ನೀವು ಕಳಿಸಿದ್ದೆಲ್ಲ ಅಂಗಡಿಯಿಂದ ತಂದದ್ದು. ಗೋಡಂಬಿ, ಎಣ್ಣೆ, ಸಕ್ಕರೆ, ಗ್ಯಾಸು. ನನಗೆ ಕಾಣೋ ಹಾಗೆ, ಇವರು ನಿಮ್ಮ ಮನೇಲಿ ಇರೋದಕ್ಕೆ ನೀವೇ ಇವರಿಗೆ ಬಾಡಿಗೆ ಕೊಡ್ತಾ ಇದ್ದೀರಿ. ಅದಕ್ಕೆ ಷರತ್ತಲ್ಲಿ ಏನೂ ಅಡ್ಡಿ ಇಲ್ಲ."

ಮನೆ ಉಳಿಯಿತು. ಎದೆಯ ಮೇಲಿನ ಭಾರ ಇಳಿಯಿತು. ಆದರೆ ಪಾಠ ಹೇಳುವವಳ ಲೆಕ್ಕವನ್ನು ಪೆನ್ನು ಕಾಗದವಿಲ್ಲದೆ ಇನ್ನೊಬ್ಬರು ತಿದ್ದಿದ ಉರಿ ಇದೆಯಲ್ಲ, ಅದು ಇಳಿಯಲಿಲ್ಲ. ಹೊರಡುವಾಗ ಮ್ಯಾನೇಜರ ಕೈಗೂ ಪಾರ್ವತಕ್ಕ ಅಪ್ಪೆಮಿಡಿಯ ಸಣ್ಣ ಡಬ್ಬಿಯೊಂದನ್ನು ಕೊಟ್ಟರು. ನಾವು ಏನೂ ತಗೊಳ್ಳೋ ಹಾಗಿಲ್ಲ ಎಂದು ಅವರು ಹಿಂದೆ ಸರಿದರು. "ಡಬ್ಬಿ ವಾಪಸ್ ಕೊಟ್ರೆ ಸಾಕು" ಎಂದರು ಪಾರ್ವತಕ್ಕ. ಸ್ವೆಟರಿನ ಮನುಷ್ಯ ಡಬ್ಬಿ ಹಿಡಿದುಕೊಂಡು ನಾನು ಕಟ್ಟಿಸಿದ ಮೆಟ್ಟಿಲಿಳಿಯುವುದನ್ನು ನೋಡುತ್ತ ನಿಂತೆ. ಮುಂದೇನು ಕಾದಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಹೆಂಡತಿ ಮುಂದಿನ ವಾರ ಅದೇ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಕಳಿಸಿದರಂತೆ. ಅದಕ್ಕುತ್ತರವಾಗಿ ಪಾರ್ವತಕ್ಕನಿಂದ ಕಡುಬು ಹೋಯಿತಂತೆ. ಅದಾದ ಮೇಲೆ ಆ ಮನುಷ್ಯನ ಸ್ವೆಟರಿನ ಗುಂಡಿಗಳು ಹಾಕಲು ಬರುವುದಿಲ್ಲವೆಂದು ಕೇಳಿದೆ.

ಮ್ಯಾನೇಜರು ವರದಿಯ ಜೊತೆಗೆ ನನ್ನ ಅರ್ಜಿಯನ್ನು ಮತ್ತೊಮ್ಮೆ ಮೇಲೆ ಕಳಿಸಿದ್ದರು. ಮನೆಯೊಡತಿಗೆ ಸರ್ಕಾರ ವರ್ಗ ಮಾಡಿದೆ, ಮನೆ ಸುಸ್ಥಿತಿಯಲ್ಲಿದೆ, ಆಕೆಗೆ ಈ ವ್ಯವಸ್ಥೆಯಿಂದ ನಷ್ಟವೇ ಹೊರತು ಲಾಭವಿಲ್ಲ ಎಂದು ಬರೆದಿದ್ದರಂತೆ. ಯುಗಾದಿಯ ಹೊತ್ತಿಗೆ ಮೇಲಿನ ಕಚೇರಿಯ ಒಪ್ಪಿಗೆ ಬಂತು: ವರ್ಗಾವಣೆಯ ಅವಧಿಯವರೆಗೆ ಮನೆಯನ್ನು ಬಾಡಿಗೆಗೆ ಕೊಡಬಹುದು. ನನ್ನ ಅರ್ಜಿಯ ಬಿಗಿಯಾದ ಭಾಷೆಯೇ ಇದಕ್ಕೆ ಕಾರಣ ಎಂದು ನಾನು ಇಂದಿಗೂ ನಂಬಿದ್ದೇನೆ. ಅಕ್ಷರಗಳ ನಡುವಿನ ಅಂತರ ಎಂದು ನಮ್ಮವರು ನಂಬಿದ್ದಾರೆ.

ಒಪ್ಪಿಗೆ ಬಂದಮೇಲೆ ಬಾಡಿಗೆ ಕೇಳಬೇಕಲ್ಲ! ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ, ಎಲ್ಲೂ ತಡವರಿಸದ ನಾಲಿಗೆ ಪಾರ್ವತಕ್ಕನ ಮುಂದೆ ಅಂಟಿಕೊಂಡಿತು. ಅಷ್ಟು ಹೋಳಿಗೆ, ಅಷ್ಟು ಪತ್ರೊಡೆಯ ನಂತರ ದುಡ್ಡಿನ ಮಾತೆತ್ತುವುದು ಹೇಗೆ? ನಾನು ಬಾಳಗಡಿಗೆ ಹೋದ ದಿನ ಗಣಪಯ್ಯನವರೂ ಇದ್ದರು. ಕಾಫಿ ಕುಡಿದೆ, ಕೂಸುಗಳ ಓದು ವಿಚಾರಿಸಿದೆ, ಇನ್ನೊಂದು ಲೋಟ ಕಾಫಿ ಕುಡಿದೆ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಬ್ಯಾಂಕಿನವರು ಒಪ್ಪಿದ್ದಾರೆ. ಇನ್ನು ಮೇಲೆ ನೀವು ಬಾಡಿಗೆ ಅಂತಲೇ ಏನಾದರೂ..." ಎಂದು ಅರ್ಧಕ್ಕೆ ನಿಲ್ಲಿಸಿ ನೆಲ ನೋಡಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಣಪಯ್ಯನವರು ದೊಡ್ಡದಾಗಿ ಉಸಿರುಬಿಟ್ಟರು. "ಅಬ್ಬ! ಬದುಕಿಸಿದ್ರಿ ಟೀಚ್ರೇ" ಎಂದರು. "ನಾವೂ ಅದನ್ನೇ ಹೇಗೆ ಹೇಳೋದು ಅಂತ ಆವತ್ತಿಂದ ಕೂತಿದ್ದೇವೆ. ನಿಮ್ಮ ಹೋಳಿಗೆ ಬಂದ ಮೇಲೆ ಬರೀ ಸೌತೆಕಾಯಿ ಕಳಿಸ್ಲಿಕ್ಕೆ ಇವಳಿಗೆ ನಾಚಿಕೆ. ನಮ್ಮ ಹಲಸಿನ ಮರ ಮುಗಿದು, ನೆಂಟರ ಮನೆಯ ಮರ ಮುಗಿದು, ಈ ಸಲ ಹಪ್ಪಳ ದುಡ್ಡು ಕೊಟ್ಟು ತಂದದ್ದು ಮಾರಾಯ್ರೆ! ಬಾಡಿಗೆ ಆದ್ರೆ ಎಷ್ಟೋ ಸಸ್ತಾ."

ಆ ಸಂಜೆ ಬಸ್ಸಿನಲ್ಲಿ ಕೂತು ನಾನು ಬಹಳ ಹೊತ್ತು ಯೋಚಿಸಿದೆ. ನಮಗೂ ನಷ್ಟ, ಅವರಿಗೂ ನಷ್ಟ. ಹಾಗಾದರೆ ಲಾಭ ಯಾರಿಗೆ ಹೋಯಿತು? ಎದುರಿಗೆ ಟಿಕೆಟು ಹರಿಯುತ್ತಿದ್ದ ಕಂಡಕ್ಟರನ ಹೊಟ್ಟೆಯ ಕಡೆ ನನ್ನ ಕಣ್ಣು ಹೋಯಿತು. ಉತ್ತರ ಸಿಕ್ಕಿತು.

ಬಾಡಿಗೆ ಇಷ್ಟು ಎಂದಾಯಿತು. ಡಬ್ಬಿಯ ಓಡಾಟ ನಿಂತಿತು. ಭಾನುವಾರ ನಾನು ಕೈಕಟ್ಟಿ ಕೂತೆ. ಗ್ಯಾಸು ತಿಂಗಳು ತುಂಬುವವರೆಗೆ ಬಂತು. ನಮ್ಮವರ ಪ್ಯಾಂಟು ಸಡಿಲವಾಯಿತು. ಲೆಕ್ಕ ಕೊನೆಗೂ ಸರಿಹೋಯಿತೆಂದು ನಾನು ಖುಷಿಪಡಬೇಕಿತ್ತು. ಖುಷಿಯಾಗಲಿಲ್ಲ. ಬಸ್ಸು ಬರುವ ಹೊತ್ತಿಗೆ ಕಿವಿ ರಸ್ತೆಯ ಕಡೆ ಹೋಗುತ್ತಿತ್ತು. ಅಡಿಗೆಮನೆಯ ಕಟ್ಟೆ ಬೋಳು ಬೋಳಾಗಿ ಕಾಣುತ್ತಿತ್ತು. ಅಂಗಡಿಯ ಹಪ್ಪಳ ಕರಿದರೆ ನಮ್ಮಿಬ್ಬರಿಗೂ ಒಂದಕ್ಕಿಂತ ಹೆಚ್ಚು ಸೇರಲಿಲ್ಲ. ನನಗೆ ಪಾರ್ವತಕ್ಕನ ನೆನಪಾಗಿ ಬೇಜಾರಾಗುತ್ತಿತ್ತು, ಅಷ್ಟೇ ಅಲ್ಲ, ಅವರಿಗೂ ಹೀಗೇ ಬೇಜಾರಾಗುತ್ತಿದೆಯೋ ಇಲ್ಲವೋ ಎಂದು ಇನ್ನಷ್ಟು ಬೇಜಾರಾಗುತ್ತಿತ್ತು.

ತಿಂಗಳು ಮುಗಿಯಿತು. ಬಾಡಿಗೆಯನ್ನು ಕೊಪ್ಪದಲ್ಲೇ ನನ್ನ ಖಾತೆಗೆ ಕಟ್ಟಿಬಿಡಿ ಎಂದು ಹೇಳಿದ್ದೆ. ಕಟ್ಟಿದ ಸುದ್ದಿ ಬರಲಿಲ್ಲ. ಬದಲಿಗೆ ಒಂದು ಸಂಜೆ ಕಂಡಕ್ಟರು ಬಾಗಿಲಿಗೆ ಬಂದು ಹಲ್ಲು ಬಿಡುತ್ತ ಚೀಲ ಕೊಟ್ಟ. ಒಳಗೆ ಹಳೆಯ ಗೆಳೆಯ: "ಗಣಪಯ್ಯ, ಅಡ್ಡಗದ್ದೆ." ಮುಚ್ಚಳ ತೆಗೆದರೆ ಅರಿಸಿನ ಎಲೆಯಲ್ಲಿ ಸುತ್ತಿದ ಕಡುಬು. ಅದರಡಿಯಲ್ಲಿ ಬಾಳೆಲೆ. ಬಾಳೆಲೆಯಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ನೋಟುಗಳು. ಕಡುಬಿನ ಹಬೆಗೆ ಕವರಿನ ಮೇಲೆಲ್ಲ ಬೆವರು. ಓಡಿಹೋಗಿ ಮಾಲೀಕರ ಮನೆಯಿಂದ ಫೋನು ಮಾಡಿದೆ. "ಬಾಡಿಗೆ ಖಾತೆಗೆ ಕಟ್ಟಿ ಅಂದಿದ್ದೆನಲ್ಲ ಪಾರ್ವತಕ್ಕ?" ಎಂದೆ, ಆದಷ್ಟು ಗಡುಸಾಗಿ.

"ಬರೀ ದುಡ್ಡು ಹೇಗೆ ಕೊಡೋದು ಟೀಚ್ರೇ?" ಎಂದರು ಪಾರ್ವತಕ್ಕ. "ನಾವೇನು ಬ್ಯಾಂಕಿನವರಾ?"

ನೋಟು ಎಣಿಸಿ ಒಳಗಿಟ್ಟೆ. ಕಡುಬು ತಿಂದಾಯಿತು. ಡಬ್ಬಿ ತೊಳೆದು ಕಟ್ಟೆಯ ಮೇಲೆ ಕವುಚಿಟ್ಟೆ. ನಮ್ಮವರು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, "ಇದನ್ನು ಹೇಗೆ ವಾಪಸ್ ಕಳಿಸ್ತೀ?" ಎಂದು ಕೇಳಿದರು. ಈ ಸಲ ನಾನು ಮೋಸಹೋಗುವವಳಲ್ಲ. ಈಗಿರುವುದು ಶುದ್ಧ ಬಾಡಿಗೆಯ ವ್ಯವಹಾರ, ಒಂದೇ ಒಂದು ಮುಷ್ಟಿ ಸಕ್ಕರೆ, ಅದಕ್ಕಿಂತ ಒಂದು ಕಾಳು ಹೆಚ್ಚಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಹೇಳುತ್ತಲೇ, ಹೋಳಿಗೆಗೆ ಕಡಲೆಬೇಳೆ ಎರಡು ಸೇರು ಸಾಕೋ ಮೂರು ಬೇಕೋ ಎಂದು ಅವರನ್ನೇ ಕೇಳಿದೆ.